ತಳಕ್ಕಿಳಿದ ಗೋಧಿ

ಹುಸೇನರ ಶೋಕದಿನ ಆಶೂರಾದ ಹಿಂದಿನ ದಿನ ಬೆಳಿಗ್ಗೆ ವಕ್ಫ್ ಕಣಜದ ಬಾಗಿಲು ತೆಗೆದ ಕೂಡಲೇ ಕುದ್ರತ್ ಮೂಗು ಮುಚ್ಚಿಕೊಂಡ. ಒದ್ದೆ ಕಂಬಳಿಯಲ್ಲಿ ಸತ್ತ ಇಲಿಯನ್ನು ಸುತ್ತಿಟ್ಟ ಹಾಗಿತ್ತು ನಾತ. ಹಿಂದೆ ನಿಂತ ಮುದುಕರು ಮಾತ್ರ ಹೊಸಿಲಿಗೆ ಹಣೆ ಹಚ್ಚಿ "ಯಾ ಹುಸೇನ್" ಅಂದರು. ಅವರಿಗೆ ಮೂಗೇ ಇರಲಿಲ್ಲವೋ ಏನೋ.

ಮಿಹ್ರಾಬಾದ್ ಊರಿನ ಮೇಲಿನ ಬೆಟ್ಟದಲ್ಲಿ ಎರಡು ಚಳಿಗಾಲ ಹಿಮ ಬಿದ್ದಿರಲಿಲ್ಲ. ಬೆಟ್ಟದಿಂದ ನೆಲದೊಳಗೇ ಹರಿದು ಬರುವ ಕನಾತಿನ ನೀರು ಹೆಬ್ಬೆರಳ ಗಾತ್ರಕ್ಕೆ ಇಳಿದಿತ್ತು. ಅದರ ಹೂಳೆತ್ತುವವನೇ ಕುದ್ರತ್. ಅವನಿಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ. ಕಾಳು ಹಾಲು ತುಂಬುವ ಹೊತ್ತಿಗೆ ಬಿಸಿಗಾಳಿ ಬೀಸಿ ತೆನೆಯೆಲ್ಲ ಹೊಟ್ಟಾಯಿತು. ಬೀಜಕ್ಕಿಟ್ಟ ಗೋಧಿಯನ್ನೂ ಜನ ರೊಟ್ಟಿ ಮಾಡಿ ತಿಂದರು. ಈಗ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಹದಿನೈದು ದಿನದಲ್ಲಿ ಬಿತ್ತದಿದ್ದರೆ ಊರು ಬಿಡುವುದೇ ಗತಿ. ಬೀಜವಾಗಬಲ್ಲ ಕಾಳು ಉಳಿದಿದ್ದರೆ ಈ ಕಣಜದಲ್ಲೇ.

ಹತ್ತು ದಿನದ ಹಿಂದೆ ಅವನು, ವಕ್ಫ್ ನೋಡಿಕೊಳ್ಳುವ ಮುತವಲ್ಲಿ ಮಿರ್ಜಾ ತಕೀಯ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ಆಗಾ, ಎರಡು ಮೂಟೆ ಬೀಜ ಕೊಡಿ. ಬೆಳೆ ಬಂದ್ಮೇಲೆ ಮೂರು ಮೂಟೆ ತಂದು ಸುರೀತೀವಿ."

"ಎರಡಕ್ಕೆ ಮೂರಾ? ಬಡ್ಡಿ ಅಲ್ವೇನೋ ಅದು? ಇಂಥ ಹರಾಮು ಮಾತು ನನ್ನ ಹೊಸಿಲಲ್ಲಿ ಆಡ್ತೀಯಲ್ಲ."

"ಹಂಗಾದ್ರೆ ಎರಡೇ ಕೊಡ್ತೀವಿ."

ಮಿರ್ಜಾ ಜಪಮಣಿ ಸರಿಸುತ್ತ ನಕ್ಕ. "ನಿಮ್ಮ ಹಿರೀಕರು ಹೊಲ ವಕ್ಫ್ ಮಾಡಿದಾಗ ಪತ್ರದಲ್ಲಿ ಏನು ಬರೆಸಿದಾರೆ ಗೊತ್ತಾ? ಈ ಗೋಧಿ ಆಶೂರಾದ ದಿನ ಊರಿಗೆ ಹಂಚೋ ಗಂಜಿಗೆ, ಹಲೀಮಿಗೆ ಮಾತ್ರ. ಬೀಜಕ್ಕೆ ಅಂತ ಬರೆದಿಲ್ಲ. ನಾನೇನು ಮಾಡ್ಲಿ, ಸತ್ತೋರ ಮಾತು ಮುರೀಲಾ?"

ವಸಂತದಲ್ಲಿ ಅದೇ ಕಣಜದಿಂದ ಹನ್ನೊಂದು ಒಂಟೆ ಮೂಟೆ ಹೊತ್ತು ಕಾಶಾನ್ ಪೇಟೆಗೆ ಹೋದದ್ದನ್ನು ಕುದ್ರತ್ ಕಣ್ಣಾರೆ ಕಂಡಿದ್ದ. "ಒಂಟೆ ಮೇಲೆ ಹೋಗಿದ್ದು ಯಾವ ಹಲೀಮಿಗೆ ಆಗಾ?" ಎಂದು ಕೇಳಿಯೂ ಬಿಟ್ಟ. ಜೊತೆಗೆ ಬಂದಿದ್ದ ಸಫರ್ ಚಿಕ್ಕಪ್ಪ ಅವನ ಕತ್ತಿನ ಪಟ್ಟಿ ಹಿಡಿದು ಹೊರಗೆಳೆದು ತಂದಿದ್ದ.

ಮಾರಿ ಉಳಿದ ಗಸಿ ಈಗ ಎದುರಿಗಿತ್ತು. ಕುದ್ರತ್ ಮೊಣಕೈವರೆಗೆ ಕೈ ತೂರಿಸಿದ. ಗೋಧಿ ಬೆಚ್ಚಗಿತ್ತು, ಹರಿದಾಡುತ್ತಿತ್ತು. ಕೈ ತೆಗೆದರೆ ಕಪ್ಪು ನುಸಿ ತೋಳಿನ ಕೂದಲಿಗೆ ಹತ್ತಿಕೊಂಡು ಮೇಲೇರಿತು. ಅವನು ತೋಳನ್ನು ಗೋಡೆಗೆ ತಿಕ್ಕಿದ.

ಕಾಳು ತೊಳೆಯುವುದು ಹೆಂಗಸರ ಕೆಲಸ. ಅವನ ತಾಯಿ ಸನೋಬರ್ ಕನಾತಿನ ಬಾಯಲ್ಲಿ ತಾಮ್ರದ ಹರಿವಾಣ ಇಟ್ಟುಕೊಂಡು ಕೂತಳು. ಗೋಧಿ ಸುರಿದದ್ದೇ ತಡ, ಎಲ್ಲ ಮೇಲಕ್ಕೆ ಬಂತು. ನುಸಿ ತಿಂದ ಕಾಳು ಮುಳುಗುವುದಿಲ್ಲ. ಹರಿವಾಣದ ತಳದಲ್ಲಿ ನಿಂತದ್ದು ಒಂದು ಚಿಟಿಕೆಯಷ್ಟು.

"ಅದನ್ನ ಆರಿಸ್ಬೇಡ ಅತ್ತಿಗೆ," ಸಫರ್ ಹೇಳಿದ. "ಹುಸೇನರ ಗೋಧೀಲಿ ಒಳ್ಳೇದು ಕೆಟ್ಟದ್ದು ಅಂತಿಲ್ಲ. ಎಲ್ಲಾ ಹಂಡೆಗೆ ಹಾಕು."

ರೊಟ್ಟಿ ಚೂರು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಕ್ಕಿ ಗೋಡೆಯ ಬಿರುಕಿಗೆ ಇಡುವವಳು ಸನೋಬರ್. ಚಾದರ್ ಮುಂದಕ್ಕೆ ಎಳೆದುಕೊಂಡು ಸಂಜೆಯವರೆಗೂ ಬಗ್ಗಿಯೇ ತೊಳೆದಳು.

ಮಾರನೆಯ ದಿನ ಎದೆ ಬಡಿದುಕೊಳ್ಳುವ ಗಂಡಸರ ನಡುವೆ ಹಂಡೆ ಕುದಿಯಿತು. ಹರಕೆ ಹೊತ್ತವರು ಸರದಿಯಲ್ಲಿ ಬಂದು ಸೌಟು ತಿರುವಿ ಹೋದರು. ಕುದ್ರತ್ ತಿರುವಿದಾಗ ಮೇಲೆ ಕಪ್ಪು ಕೆನೆ ಕಟ್ಟಿತ್ತು. ಪಕ್ಕದವನು ಅದನ್ನು ನೋಡಿ, "ಜೀರಿಗೆ ಜಾಸ್ತಿ ಬಿದ್ದಿದೆ" ಅಂದ. ಯಾರೂ ನಗಲಿಲ್ಲ. ಜೀರಿಗೆಗೆ ಕಾಲಿರುತ್ತದೆಯೇ ಎಂದು ಕೇಳುವ ಗಂಡಸು ಊರಲ್ಲಿ ಒಬ್ಬನೂ ಇರಲಿಲ್ಲ.

ಮಧ್ಯಾಹ್ನದವರೆಗಿನ ಉಪವಾಸ ಮುಗಿಯಿತು. ಮೊದಲ ಬಟ್ಟಲು ಮುತವಲ್ಲಿಗೆ ಸಲ್ಲಬೇಕು. ಅದು ಪದ್ಧತಿ. ಕುದ್ರತ್ ತಾನೇ ಬಟ್ಟಲು ತುಂಬಿ, ಇಡೀ ಊರು ನೋಡುವಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

"ತಗೊಳ್ಳಿ ಆಗಾ. ಪತ್ರದಲ್ಲಿ ಬರೆದಿರೋದು."

ಮಿರ್ಜಾ ಬಟ್ಟಲನ್ನು ಕಣ್ಣಿಗೊತ್ತಿಕೊಂಡ. ಗಡ್ಡಕ್ಕೆ ತಾಕಿಸಿದ. "ಹಲ್ಲು ನೋವು ಕಣಪ್ಪ. ನನ್ನ ಪಾಲಿನ ಪುಣ್ಯ ಬಡವರಿಗೆ ಸೇರಲಿ," ಎಂದು ಪಕ್ಕದ ಕುರುಡು ಮುದುಕನ ಕೈಗಿಟ್ಟ. ಮುದುಕ ಗಬಗಬನೆ ನುಂಗಿದ. ಎರಡು ದಿನದಿಂದ ಹೊಟ್ಟೆಗೆ ಏನೂ ಬೀಳದವನು ಅವನು. ತುಟಿಯ ಮೇಲೆ ನುಸಿ ಅಂಟಿತ್ತು. ಜನ ಅತ್ತರು, ಮಿರ್ಜಾನ ಕೈಗೆ ಮುತ್ತಿಟ್ಟರು. ಸಫರ್ ಚಿಕ್ಕಪ್ಪನೂ ಇಟ್ಟ.

ಕುದ್ರತ್ ಹಂಡೆಯನ್ನು ಒದೆಯಲು ಕಾಲೆತ್ತಿದ. ಸನೋಬರ್ ಬಂದು ಅವನ ರಟ್ಟೆ ಹಿಡಿದಳು. "ಮನೆಗೆ ನಡಿ."

"ಬಿಡಮ್ಮ. ನಾಯಿಗೂ ಹಾಕ್ಬಾರ್ದು ಇದನ್ನ."

"ಗೊತ್ತು. ನಡಿ ಅಂದೆ."

ಮನೆಯ ಮಾಳಿಗೆ ಮೇಲೆ ಹಳೆಯ ಚಾಪೆಯೊಂದರ ಮೇಲೆ ಗೋಧಿ ಹರಡಿತ್ತು. ಬಿಸಿಲಿಗೆ ಒಣಗಿತ್ತು. ಹೆಚ್ಚೆಂದರೆ ನಾಲ್ಕು ಬೊಗಸೆ. ಕುದ್ರತ್ ಒಂದು ಕಾಳು ಕಚ್ಚಿದ. ಕಟುಂ ಎಂದಿತು, ಒಳಗೆ ಬಿಳಿ.

"ತಳಕ್ಕಿಳಿದಿದ್ದು," ಸನೋಬರ್ ಹೇಳಿದಳು. "ಒಂದೊಂದು ಹರಿವಾಣಕ್ಕೆ ಒಂದೊಂದು ಚಿಟಿಕೆ. ಚಾದರದ ತುದೀಲಿ ಕಟ್ಕೊಂಡೆ."

"ವಕ್ಫಿನದನ್ನ ಕದ್ದೆ ಅಂತಾರೆ."

"ಅನ್ಲಿ. ಹುಸೇನರ ಹತ್ರ ನಾನೇ ಹೇಳ್ಕೋತೀನಿ. ಬಾಯಾರಿ ಸತ್ತೋರು ಅವರು, ಅವರಿಗೆ ಅರ್ಥ ಆಗತ್ತೆ. ಮಿರ್ಜಾ ಏನು ಹೇಳ್ಕೋತಾನೋ ಹೇಳ್ಕೊಳ್ಳಿ."

"ಇಷ್ಟು ಬಿತ್ತಿದ್ರೆ ಊರಿಗೆ ಸಾಲಲ್ಲಮ್ಮ."

"ಊರಿಗಲ್ಲ. ಮುಂದಿನ ವರ್ಷದ ಬೀಜಕ್ಕೆ. ಅಲ್ಲೀವರ್ಗೂ ಬೇರೆಲ್ಲಾದ್ರೂ ದುಡಿದು ತಿನ್ನೋಣ. ಕನಾತಿನ ಬಾಯಿ ಹತ್ರ ಬಿತ್ತು, ಅಲ್ಲಿ ಹಸಿ ಇರತ್ತೆ."

ಕೆಳಗೆ ಜನ ಇನ್ನೂ ಬಟ್ಟಲು ಹಿಡಿದು ಸಾಲುಗಟ್ಟಿದ್ದರು. ಕುದ್ರತ್ ಮಾಳಿಗೆಯ ಅಂಚಿಗೆ ಹೋಗಿ ಅವರತ್ತ ಉಗಿದ. ಆಮೇಲೆ ಬಂದು ಕೂತು ಕಾಳು ಬಾಚತೊಡಗಿದ. ಬೂದಿ ಹಾಕಿ ಮೂರು ಸಲ ತಿಕ್ಕಿದ್ದರೂ ಕೈಯಲ್ಲಿ ಕಣಜದ ಆ ನಾತ ಹಾಗೇ ಇತ್ತು.