ಗರಗಸ ತಿಂದ ಪಾಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಐದನೇ ತರಗತಿಯ ಕಾಳಮ್ಮನ ಎಡಗೈ ನಡುಬೆರಳನ್ನು ಮುರಿದೆ.

ನಾನು ಒಂದು ರೂಲುದೊಣ್ಣೆ. ತೇಗದ ಮೈ, ಎರಡು ಅಡಿ ಉದ್ದ. ಮೌನೇಶ ಬಡಿಗೇರ ನನ್ನನ್ನು ಉಳಿಯಿಂದ ಹೆರೆದು, ಉಜ್ಜಿ ದುಂಡಗೆ ಮಾಡಿದ. ಹಲಗೆಯ ಮೇಲೆ ಗೆರೆ ಎಳೆಯಲೆಂದು ಮಗಳ ಶಾಲೆಗೆ ಕೊಟ್ಟ. ಆ ಮಗಳೇ ಕಾಳಮ್ಮ.

ಇಟಗಿ ಮಾಸ್ತರರು ಒಂದು ವಾರ ನನ್ನಿಂದ ಗೆರೆ ಎಳೆದರು. ಆಮೇಲೆ ಭಿನ್ನರಾಶಿಯ ಪಾಠ ಬಂತು. 1/2, 1/4 ಎಂದು ಬರೆದು ಯಾವುದು ದೊಡ್ಡದು ಎಂದು ಕೇಳುವರು. ನಾಲ್ಕು ದೊಡ್ಡ ಅಂಕಿ, ಹಾಗಾಗಿ ಮಕ್ಕಳು 1/4 ಎನ್ನುವರು. ನಾನು ಗೆಣ್ಣಿನ ಮೇಲೆ ಬೀಳುವೆ. ಹದಿನಾಲ್ಕು ಮಕ್ಕಳ ಗೆಣ್ಣು ನನಗೆ ಗೊತ್ತು.

ಅಪ್ಪನ ಬಡಗಿ ಕೆಲಸದಲ್ಲಿ ಅರ್ಧ ಇಂಚು, ಪಾವು ಅಂದರೆ ಕಾಲು ಇಂಚು ನೋಡಿಯೇ ಬೆಳೆದವಳು ಕಾಳಮ್ಮ. ಹಲಗೆಯ ಮೇಲಿನವು ಅವೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೂರು ಸಲ ತಪ್ಪು ಹೇಳಿದಳು. ಮೂರನೇ ಏಟಿಗೆ ಎಲುಬು ಲಟಕ್ಕೆಂದಿತು. ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು.

ಮರುದಿನ ಮೌನೇಶ ಮಗಳ ಜೊತೆ ಗರಗಸ ಹಿಡಿದು ಬಂದ. ಮಾಸ್ತರರು ಗೋಡೆಗೆ ಒತ್ತಿ ನಿಂತರು.

"ನಿಮ್ಮನ್ನ ಕೊಯ್ಯಾಕ ಬಂದಿಲ್ರಿ," ಎಂದ ಮೌನೇಶ. "ಈಗ ಕಲಸ್ರಿ, ನೋಡತೀನಿ. ಆಕಿಗೆ ತಿಳೀಲಿಲ್ಲಂದ್ರ ಇವತ್ತ ಸಾಲ್ಯಾಗಿಂದ ಹೆಸರು ತಗಸ್ತೀನಿ."

ನನ್ನನ್ನು ಬೆಂಚಿನ ಮೇಲೆ ಕಾಲಿನಿಂದ ಒತ್ತಿ ಹಿಡಿದು ನಡುವೆ ಕೊಯ್ದ. ಒಂದು ಹೋಳನ್ನು ಮತ್ತೆ ಎರಡು ಮಾಡಿದ. ಹೊಡೆಯುವುದು ನನಗೆ ಗೊತ್ತಿತ್ತು. ಕೊಯ್ಯಿಸಿಕೊಳ್ಳುವುದು ಅಂದು ಗೊತ್ತಾಯಿತು.

ಮಾಸ್ತರರು ದೊಡ್ಡ ಹೋಳನ್ನು 1/2ರ ಕೆಳಗೆ, ಸಣ್ಣದನ್ನು 1/4ರ ಕೆಳಗೆ ಹಿಡಿದರು. ಕಾಳಮ್ಮ ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ನೋಡಿದಳು.

"ಇದು ಪಾವು ಏನ್ರಿ ಸರ?" ಎಂದಳು. "ಮೊದಲ ಹೇಳಬಾರದಾ?"

ಮಾಸ್ತರರು, ಮೂರೂ ಕೂಡಿದರೆ ಮತ್ತೆ ಪೂರಾ ಒಂದು ಎಂದು ಹೇಳಿ, ನನ್ನ ಹೋಳುಗಳನ್ನು ಸಾಲಾಗಿ ಜೋಡಿಸಿದರು. ಕಾಳಮ್ಮ ಅಪ್ಪನ ಟೇಪು ಹಿಡಿದು ಅಳೆದಳು.

"ಪೂರಾ ಆಗಂಗಿಲ್ರಿ. ಪಾವು ಇಂಚು ಗರಗಸ ತಿಂದೈತಿ."

ಮೌನೇಶ ಮಗಳ ಹೆಸರು ತೆಗೆಸಲಿಲ್ಲ. ಕೊಯ್ದ ಪುಡಿಯನ್ನು ಮಾಸ್ತರರೇ ಗುಡಿಸಿದರು.

ಈಗ ನಾನು ತಗಡಿನ ಡಬ್ಬಿಯೊಳಗಿನ ಮೂರು ತುಂಡು. ಒಂಬತ್ತು ವರ್ಷದಿಂದ ಮಕ್ಕಳು ನನ್ನನ್ನು ಜೋಡಿಸಿ ಬಿಡಿಸಿ ಮೈಯೆಲ್ಲ ನುಣುಪಾಗಿದೆ. ಕೊರತೆ ಎಷ್ಟೆಂದು ಮಾಸ್ತರರು ಪ್ರತಿ ವರ್ಷ ಅಳೆಯಲು ಹೇಳುತ್ತಾರೆ. ಈ ಶಾಲೆಗೆ ಬೇರೆ ದೊಣ್ಣೆ ಬರಲಿಲ್ಲ.

ಕಾಳಮ್ಮನ ಬೆರಳು ಆರು ವಾರಕ್ಕೆ ಕೂಡಿತು. ಪೂರ್ತಿ ಮಡಚಲು ಇಂದಿಗೂ ಬರುವುದಿಲ್ಲ.