ಮುಂದಿನ ಸೀಟಿನ ಸ್ಪ್ರಿಂಗು

ಸ್ಪೇನಿನ ಎದುರು ದಡದ ತಂಜಾ ಬಂದರಿನಲ್ಲಿ ಹಡಗು ಹತ್ತಿದ ಯಾವ ಕಾರೇ ಇರಲಿ, ಅದರ ದೀಪ ಉರಿಯುವುದು ಅಲ್ಲಾಲನ ದಯೆಯಿಂದ. ಅವನು ಒಂದು ಬೆಳಿಗ್ಗೆ ಮಗ್ಗಲು ಬದಲಿಸಿ ಮಲಗಿದನೆಂದರೆ ಪ್ಯಾರಿಸ್ ಪಟ್ಟಣವೇ ಕತ್ತಲು; ಜನ ಗೋಡೆ ತಡವಿಕೊಂಡು ಮನೆ ಸೇರಬೇಕು. ಹೀಗೆಂದು ಹೇಳುತ್ತಿದ್ದವನೂ ಅಲ್ಲಾಲನೇ. ಕಾರಿನ ತಂತಿಗಳನ್ನು ಜಡೆಯಂತೆ ಹೆಣೆಯುವ ಕಾರ್ಖಾನೆಗೆ ಐನ್ ಜಿತೂನ್ ಊರಿನ ಹೆಂಗಸರನ್ನು ಒಯ್ಯುವುದು ಅವನ ಮುದಿ ಟ್ಯಾಕ್ಸಿ ತಾನೇ?

ಆ ಕಾರ್ಖಾನೆ ಬರುವ ಮುಂಚೆ ಊರಿನಲ್ಲಿದ್ದದ್ದು ಗಾಳಿ ಮತ್ತು ಆಡು. ಆಡನ್ನು ಬಂಡೆಗೆ ಕಟ್ಟದಿದ್ದರೆ ಸಂಜೆಗೆ ಪಕ್ಕದ ಜಿಲ್ಲೆಯಲ್ಲಿ ಹುಡುಕಬೇಕು, ಅಂಥ ಗಾಳಿ. ಈಗ ಊರಿಗೆ ಪಾಳಿಯೇ ಗಡಿಯಾರ. ಗುರುವಾರದ ಸಂತೆ ಕಾರ್ಖಾನೆಯ ರಜೆ ನೋಡಿಕೊಂಡು ಭಾನುವಾರಕ್ಕೆ ಸರಿದಿದೆ. ದರ್ಜಿ ಕಫ್ತಾನು ಬಿಟ್ಟು ನೀಲಿ ಮೇಲಂಗಿ ಹೊಲಿಯುತ್ತಾನೆ. ಮದುವೆಗಳಂತೂ ಆಗಸ್ಟಿನಲ್ಲಿ ಕಾರ್ಖಾನೆ ಮುಚ್ಚುವ ಮೂರೇ ವಾರದಲ್ಲಿ. ಒಂದೇ ದಿನ ನಾನೂರು ಮದುವೆಯಾಗಿ, ಡೋಲಿನವನು ತನ್ನ ಹೆಂಡತಿಯನ್ನೂ ಮದುಮಗಳೆಂದು ತಿಳಿದು ಹರಸಿ ಬಂದನಂತೆ.

ಅಲ್ಲಾಲನಂಥವರ ಟ್ಯಾಕ್ಸಿಗೆ ಆರು ಜನ: ಹಿಂದೆ ನಾಲ್ಕು, ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಇಬ್ಬರು. ಆರು ತುಂಬದೆ ಯಾರೂ ಚಾವಿ ತಿರುಗಿಸುವುದಿಲ್ಲ. ಅಲ್ಲಾಲ್ ಮಾತ್ರ ನಾಲ್ಕು ವರ್ಷದಿಂದ ಐವರಿಗೇ ಹೊರಡುತ್ತಿದ್ದ. ಮುಂದೆ ತಾಮು ಒಬ್ಬಳೇ. ಗಂಡ ತೀರಿದ ಮೇಲೆ ಕೆಲಸಕ್ಕೆ ಸೇರಿದವಳು, ಮಾತು ಕಡಿಮೆ. ಅವಳು ಅವನನ್ನು 'ಸೀ' ಎಂದೂ ಅವನು ಅವಳನ್ನು 'ಲಲ್ಲಾ' ಎಂದೂ ಮರ್ಯಾದೆಯಿಂದ ಕರೆಯುವುದಷ್ಟೇ. ಅವಳ ಪಕ್ಕದ ಅರ್ಧ ಸೀಟಿಗೆ ಮಡಿಸಿದ ಕಂಬಳಿ. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: ಕೆಳಗೆ ಸ್ಪ್ರಿಂಗು ಮುರಿದಿದೆ, ಅದರ ಮೇಲೆ ಕೂತ ಒಬ್ಬ ಮೀನುಗಾರ ಚಿಮ್ಮಿ ಸಮುದ್ರ ದಾಟಿ ಸ್ಪೇನಿನಲ್ಲಿ ಬಿದ್ದ, ವೀಸಾ ಇಲ್ಲವೆಂದು ಅಲ್ಲಿಯವರು ವಾಪಸು ಎಸೆದರು.

ಜೂನ್ ತಿಂಗಳಲ್ಲಿ ಸುದ್ದಿ ಬಂತು. ಸೋಮವಾರದಿಂದ ಊರಿಗೆ ಕಾರ್ಖಾನೆಯದೇ ಬಸ್ಸು, ಪುಕ್ಕಟೆ. ಅಲ್ಲಾಲನ ಸಂಪಾದನೆಗೆ ಬಂದರಿನ ದಾರಿಯ ಬಾಡಿಗೆ ಇದ್ದೇ ಇತ್ತು. ಆದರೆ ಆ ದಾರಿಯಲ್ಲಿ ತಾಮು ಇರಲಿಲ್ಲ. ಜಗತ್ತಿನ ಸಂಗತಿಯನ್ನೆಲ್ಲ ಗಂಟಲು ಹರಿಯುವಂತೆ ಹೇಳುವ ಅಲ್ಲಾಲನಿಗೆ, ಅವಳಿಗೆ ಹೇಳಬೇಕಾದ ಒಂದು ಮಾತು ನಾಲ್ಕು ವರ್ಷದಿಂದ ನಾಲಿಗೆಗೆ ಬಂದಿರಲಿಲ್ಲ.

ಶನಿವಾರ ಕೊನೆಯ ಸಲ ಮರಳುವಾಗ ಹಿಂದಿನಿಂದ ಖದ್ದೂಜ ಕೆಣಕಿದಳು. ನಾಲ್ವರಲ್ಲಿ ಹಿರಿಯಳು, ಅವಳ ಬಾಯಿಗೆ ಹೆದರದವರಿಲ್ಲ. "ಇನ್ನು ಪ್ಯಾರಿಸ್‌ಗೆ ದೀಪ ಯಾರಪ್ಪಾ ಹಚ್ಚೋದು?"

ಬಸ್ಸಿಗೆ ದಾರಿ ತೋರಿಸಲು ತನ್ನನ್ನೇ ಕರೆಯುತ್ತಾರೆಂದು ಅಲ್ಲಾಲ್ ಬೀಗಿದ. ದನಿಯಲ್ಲಿ ಹುರುಪಿರಲಿಲ್ಲ.

ತಾಮು ಆಗ ಕಂಬಳಿಯ ಕೆಳಗೆ ಕೈ ತೂರಿಸಿದಳು. ಕಾರ್ಖಾನೆಯಲ್ಲಿ ಅವಳದು ಕೊನೆಯ ಮೇಜು: ತಂತಿ ನಿಜಕ್ಕೂ ಕೂತಿದೆಯೋ, ಕೂತಂತೆ ಕಾಣುತ್ತಿದೆಯೋ ಎಂದು ಒಂದೊಂದನ್ನೂ ಎಳೆದು ನೋಡುವುದು. ಆ ಬೆರಳುಗಳು ಸೀಟನ್ನು ಒತ್ತಿದವು, ಎಳೆದವು.

"ಸೀ ಅಲ್ಲಾಲ್, ಮುರಿದ ಸ್ಪ್ರಿಂಗು ಎಲ್ಲಿ?"

"ಸಮುದ್ರದ ಗಾಳಿಗೆ ಕೆಲವು ಸಲ ಕಬ್ಬಿಣ ತಾನಾಗೇ ಕೂಡ್ಕೊಳ್ಳುತ್ತೆ, ಲಲ್ಲಾ."

"ಸೋಮವಾರ ನಾನು ಬಸ್ಸಲ್ಲಿ ಕೂರಬೇಕೋ ಇಲ್ಲೇ ಕೂರಬೇಕೋ ಗೊತ್ತಾಗಬೇಕು. ಅದಕ್ಕೇ ಕೇಳ್ತಿದ್ದೀನಿ."

ಅಲ್ಲಾಲ್ ಟ್ಯಾಕ್ಸಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ. ಹಿಂದಿನ ನಾಲ್ಕು ಹೆಂಗಸರೂ ಮುಂದಕ್ಕೆ ಬಾಗಿದರು.

"ಸ್ಪ್ರಿಂಗು ಯಾವತ್ತೂ ಮುರಿದಿರಲಿಲ್ಲ," ಎಂದ. "ನಿಮ್ಮನ್ನ ಯಾರೂ ಒತ್ತಿಕೊಂಡು ಕೂರಬಾರದು ಅಂತ."

"ಚಳಿಗಾಲದಲ್ಲಿ ನಂಗೆ ಜ್ವರ ಬಂದಾಗ ಮೂರು ದಿನ ಇಂಜಿನ್ ಕೆಟ್ಟಿತ್ತಲ್ಲ?"

"ಕೆಟ್ಟಿರಲಿಲ್ಲ."

"ಅಯ್ಯೋ ಪಾಪಿ, ಆ ಮೂರು ದಿನ ನಾವು ಹೆದ್ದಾರಿವರೆಗೂ ನಡ್ಕೊಂಡು ಹೋದ್ವಲ್ಲೋ," ಎಂದಳು ಖದ್ದೂಜ.

ತಾಮು ಕಂಬಳಿಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಕಿಟಕಿಯ ಕಡೆ ಮುಖ ಮಾಡಿ, ಆಗಸ್ಟಿಗೆ ಇನ್ನೆಷ್ಟು ವಾರ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದಳು. ಏಳು, ಎಂದು ಹಿಂದಿನ ನಾಲ್ವರೂ ಒಟ್ಟಿಗೆ ಹೇಳಿದರು.

"ಹಾಗಾದ್ರೆ ಆ ಮೂರು ದಿನ ಪ್ಯಾರಿಸ್ ಗತಿ?" ಖದ್ದೂಜ ಬಿಡಲಿಲ್ಲ.

"ಪ್ಯಾರಿಸ್‌ಗೆ ಏನೂ ಆಗಲಿಲ್ಲ, ಖದ್ದೂಜಕ್ಕ," ಎಂದ ಅಲ್ಲಾಲ್. "ದೀಪ ಹಚ್ಚದೆ ಕೂತಿದ್ದವನು ನಾನೊಬ್ಬನೇ."