ಯುಗಾದಿ ಮುಗಿಯುವವರೆಗೆ ಮಾತ್ರ

ಶಾಲೆಯ ಹಾಲ್‌ಗೆ ಆರು ತಾಸಿಗೆ ಏಳುನೂರು ಡಾಲರ್. ಮೈಕು, ಸ್ಪೀಕರ್‌ಗೆ ನೂರೈವತ್ತು. ನೂರೆಂಬತ್ತು ಜನರ ಹೋಳಿಗೆ ಊಟಕ್ಕೆ, ಹೆಂಗಸರೇ ಸೇರಿ ಮಾಡಿದರೂ ಒಂಬೈನೂರು. ಬೇವಿನ ಎಲೆ ಕ್ಯಾಲಿಫೋರ್ನಿಯಾದಿಂದ ಪಾರ್ಸೆಲ್ ಬರಬೇಕು, ಅದಕ್ಕೆ ನಲವತ್ತು. ಜಗಳಕ್ಕೆ ಮಾತ್ರ ಖರ್ಚಿಲ್ಲ, ಅದನ್ನು ಎಲ್ಲರೂ ಮನೆಯಿಂದಲೇ ತರುತ್ತಿದ್ದರು.

ನಮ್ಮದು ಸ್ನೊಕ್ವಾಲ್ಮಿ ಗುಡ್ಡದ ಮೇಲಿನ ಕನ್ನಡ ಬಳಗ, ಐವತ್ತು ಮನೆ. ಮೈಸೂರು ಕಡೆಯವರಿಗೆ ಲಕ್ಷ್ಮೀಕಾಂತ ಹಿರಿಯರು, ನಮ್ಮ ಧಾರವಾಡ ಕಡೆಯವರಿಗೆ ನೀಲಕಂಠಪ್ಪ. ಇಬ್ಬರಿಗೂ ಬೆಲ್ವ್ಯೂ ಪಟ್ಟಣದ ಒಂದೇ ಕಟ್ಟಡದಲ್ಲಿ ಕೆಲಸ, ಆದರೂ ಒಂದೇ ಲಿಫ್ಟ್ ಹತ್ತುತ್ತಿರಲಿಲ್ಲ. ಹಿಂದಿನ ಯುಗಾದಿಗೆ ಇಬ್ಬರೂ ಸ್ವಾಗತ ಭಾಷಣ ಮಾಡಿದ್ದರಿಂದ ಊಟ ಮೂರು ಗಂಟೆಗೆ ಬಂತು. ಆಮೇಲೆ ಒಂದೇ ವರ್ಷದಲ್ಲಿ ಮೂರು ಸಮಿತಿ ಮಾಡಿದೆವು, ಮೂರೂ ಬಿದ್ದವು.

ಆ ಚಳಿಗಾಲದಲ್ಲೇ ಪಕ್ಕದ ಮನೆಯ ಶರ್ವಾಣಿ ಶನಿವಾರ ಶನಿವಾರ ನನ್ನ ಹತ್ತಿರ ಬರತೊಡಗಿದ್ದು. ಹದಿನೈದರ ಹುಡುಗಿ. ಎರಡು ಮಹಾಯುದ್ಧಗಳ ನಡುವೆ ಸರ್ವಾಧಿಕಾರಿಗಳು ಹೇಗೆ ಗದ್ದುಗೆ ಹತ್ತಿದರು ಅಂತ ಶಾಲೆಯಲ್ಲಿ ಪ್ರಾಜೆಕ್ಟ್ ಮಾಡಿದ್ದಳು. ಅದನ್ನೇ ಐದು ನಿಮಿಷದ ಕನ್ನಡ ಭಾಷಣ ಮಾಡಿ ಯುಗಾದಿಗೆ ವೇದಿಕೆಯಲ್ಲಿ ಹೇಳಬೇಕೆಂಬ ಆಸೆ. ಜುಲೈನಲ್ಲಿ ಅವಳ ಅಜ್ಜ ಮೈಸೂರಿಗೆ ವಾಪಸು ಹೋಗುವವರಿದ್ದರು. ಅವರೆದುರು ಒಮ್ಮೆ ಕನ್ನಡದಲ್ಲಿ ಮಾತಾಡಬೇಕು, ಅಷ್ಟೇ.

ನನಗೆ ಇತಿಹಾಸ ಗೊತ್ತಿಲ್ಲ. ನಾನು ರೊಟ್ಟಿ ಬಡಿಯುವುದು, ಅವಳು ಓದುವುದು.

"ಜರ್ಮನಿಯಲ್ಲಿ ಒಂದು ಬ್ರೆಡ್‌ಗೆ ಇಪ್ಪತ್ತು ಸಾವಿರ ಕೋಟಿ ಮಾರ್ಕ್ ಆಗಿತ್ತು, ಶಾಂತಾ ಆಂಟಿ."

"ಅಷ್ಟು ರೊಕ್ಕ ಎಣಿಸೂದ್ರಾಗ ಬ್ರೆಡ್ ಹಳಸ್ತಿತ್ತಲ್ಲ ಮಗಳ."

"ಆಮೇಲೆ ಗವರ್ನಮೆಂಟ್‌ಗಳು ಬೀಳ್ತಾನೇ ಇದ್ವು. ಜನಕ್ಕೆ ಸಾಕಾಗಿತ್ತು. ಆ ಸರ್ವಾಧಿಕಾರಿ ಗದ್ದುಗೆ ಕಿತ್ಕೊಂಡಿದ್ದಲ್ಲ, ದೊಡ್ಡವರೇ ಕರೆದು ಕೊಟ್ಟಿದ್ದು. ಇವನನ್ನ ನಾವು ಕಂಟ್ರೋಲ್ ಮಾಡ್ತೀವಿ ಅಂದ್ಕೊಂಡ್ರು."

"ಅಷ್ಟು ಓದಿದವರಿಗೆ ಅಷ್ಟೂ ತಿಳೀಲಿಲ್ಲೇನು?" ಎಂದೆ. ಆ ಜನರ ಬಗ್ಗೆ ನಿಜವಾಗಿಯೂ ಕನಿಕರ ಬಂತು.

ಮರುದಿನ, ಈ ಸಲದ ಯುಗಾದಿಯ ಹೊಣೆ ಯಾರಿಗೆ ಅಂತ ಬಳಗದ ಸಭೆ. ಲಕ್ಷ್ಮೀಕಾಂತರ ಹೆಸರಿಗೆ ನಮ್ಮವರು ಒಪ್ಪಲಿಲ್ಲ, ನೀಲಕಂಠಪ್ಪನ ಹೆಸರಿಗೆ ಅವರು. ಕೊನೆಗೆ ವಿಜಯೇಂದ್ರ ಎದ್ದು ನಿಂತ. ನಾಲ್ಕು ವರ್ಷದಿಂದ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ನಮ್ಮ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಹುಡುಗ. ಅವನ ಪೂರ್ತಿ ಹೆಸರು ನನಗೆ ಅವತ್ತೇ ಗೊತ್ತಾಗಿದ್ದು.

"ಯುಗಾದಿ ಮುಗಿಯೋವರೆಗೆ ಮಾತ್ರ ನನಗೆ ಬಿಟ್ಟುಬಿಡಿ," ಅಂದ. "ಹನ್ನೆರಡೂವರೆಗೆ ಊಟ ಹಾಕಿಸ್ತೀನಿ. ಆಮೇಲೆ ನಿಮ್ಮ ಬಳಗ ನಿಮಗೆ."

ಲಕ್ಷ್ಮೀಕಾಂತರು ಪಕ್ಕದವರಿಗೆ, "ನಮ್ ಹುಡುಗ ಕಣ್ರಿ, ಹೇಳ್ದಂಗೆ ಕೇಳ್ತಾನೆ," ಅಂದರು. ಆಚೆ ಸಾಲಿನಲ್ಲಿ ನೀಲಕಂಠಪ್ಪ ನನ್ನ ಯಜಮಾನರಿಗೆ, "ಅಂವಾ ನಮ್ಮ ಮಾತ ಮೀರೂದಿಲ್ಲ ತಗೊ ಗದಿಗೆಪ್ಪ," ಎಂದ.

ನಮ್ಮ ಬಳಗದಲ್ಲಿ ಕೈ ಎತ್ತಿಸುವ ಪದ್ಧತಿ ಇಲ್ಲ. ಎದುರಿಗೆ ಬೇಡ ಅಂದರೆ ಮನಸ್ಸು ಕೆಡುತ್ತದೆ. "ಎಲ್ಲರಿಗೂ ಒಪ್ಪಿಗೆನಾ?" ಅಂತ ಕೇಳುತ್ತಾರೆ. ಯಾರೂ ಮಾತಾಡದಿದ್ದರೆ ಆಯಿತು. ಯಾರೂ ಮಾತಾಡಲಿಲ್ಲ. ಹಸಿದ ಮಕ್ಕಳ ಮುಖ ನೆನೆದು ನಾನೂ ಸುಮ್ಮನಿದ್ದೆ. ಮನಸ್ಸಿನಲ್ಲಿ ಸಂತೋಷವೇ ಇತ್ತು.

ಮೊದಲು ಅವನು ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಮಾಡಿದ. ದಿನಾ ಬರುತ್ತಿದ್ದ ನಲವತ್ತು ಗುಡ್ ಮಾರ್ನಿಂಗ್ ನಿಂತವು, ಎಲ್ಲರೂ ಹೊಗಳಿದರು. ಲಕ್ಷ್ಮೀಕಾಂತರಿಗೂ ನೀಲಕಂಠಪ್ಪನಿಗೂ ಬರೆಯಲಾಗುತ್ತಿಲ್ಲ ಅಂತ ಅವರಿಗೇ ಗೊತ್ತಾಗಲು ವಾರ ಹಿಡಿಯಿತು. ಆಗ ದೂರೋಣವೆಂದರೆ ಬರೆಯುವುದೆಲ್ಲಿ? ಅದೇ ಮೊದಲ ಸಲ ಇಬ್ಬರೂ ಒಟ್ಟಿಗೆ ಕಾಫಿ ಕುಡಿದರಂತೆ.

ಮಾರ್ಚ್‌ನಲ್ಲಿ ಕಾರ್ಯಕ್ರಮದ ಪಟ್ಟಿ ಬಂತು. ಶರ್ವಾಣಿಯ ಹೆಸರಿರಲಿಲ್ಲ. ನಾನು ವಿಜಯೇಂದ್ರನಿಗೆ ಫೋನ್ ಮಾಡಿದೆ.

"ಹಬ್ಬದ ದಿನ ಯುದ್ಧದ ಮಾತ್ಯಾಕೆ ಆಂಟಿ? ನೆಗೆಟಿವ್ ಆಗತ್ತೆ. ಡಾನ್ಸ್ ಮಾಡ್ಲಿ ಬೇಕಾದ್ರೆ."

"ಮೂರು ತಿಂಗಳು ಕಲ್ತಾಳಪ್ಪಾ. ಐದು ನಿಮಿಷ."

"ಐದೈದು ನಿಮಿಷ ಅಂತಾನೇ ಹೋದ್ಸಲ ಮೂರು ಗಂಟೆ ಆಗಿದ್ದು." ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಅಂದಹಾಗೆ, ಅಡುಗೆಗೆ ಈ ಸಲ ನೀವೇ ಹೆಡ್. ಕಿಚನ್‌ನಲ್ಲಿ ನಿಮ್ಮ ಮಾತೇ ಕೊನೆ. ಪಲ್ಯ, ಕೋಸಂಬರಿ, ಏನು ಬೇಕಾದ್ರೂ ನೀವೇ ಡಿಸೈಡ್ ಮಾಡಿ."

ಹದಿನಾಲ್ಕು ವರ್ಷ ಆ ಅಡುಗೆಮನೆಯಲ್ಲಿ ಮೈಸೂರಿನವರು ಹೇಳಿದಷ್ಟೇ ಖಾರ ಹಾಕಿದವಳು ನಾನು. ಫೋನಿನಲ್ಲಿ ಮುಂದೇನು ಹೇಳಬೇಕೋ ಮರೆತೇಹೋಯಿತು.

ಕೊನೆಯ ಸಭೆಯಲ್ಲಿ ಅವನು ಪಟ್ಟಿ ಪೂರ್ತಿ ಓದಿ, "ಯಾರಿಗಾದ್ರೂ ಆಕ್ಷೇಪಣೆ ಇದ್ಯಾ?" ಎಂದು ಕೇಳಿದ. ಬಾಗಿಲ ಬಳಿ ಕಿತ್ತಳೆ ಜಾಕೆಟ್‌ನ ನಾಲ್ಕು ಹುಡುಗರು ಸುಮ್ಮನೆ ನಿಂತಿದ್ದರು, ಕುರ್ಚಿ ಎತ್ತಿಡಲು. ಶರ್ವಾಣಿ ಮೂರನೆಯ ಸಾಲಿನಲ್ಲಿ ಅಜ್ಜನ ಪಕ್ಕ ಕೂತು ತಿರುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಅರ್ಧ ಎದ್ದೆ.

"ಕೂಡ್ರು," ಎಂದರು ಯಜಮಾನರು. "ಅಡುಗಿ ಕೈ ತಪ್ಪಿದ್ರ ಮತ್ತ ಸಿಗೂದಿಲ್ಲ."

ಕೂತೆ. ಅವರು ಹೇಳಿದ್ದಕ್ಕೆ ಕೂತೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಲೆಕ್ಕವೂ ಅದೇ ಆಗಿತ್ತು.

"ಹಾಗಾದ್ರೆ ಎಲ್ಲರಿಗೂ ಒಪ್ಪಿಗೆ," ಎಂದ ವಿಜಯೇಂದ್ರ.

ಯುಗಾದಿ ಚೆನ್ನಾಗಿ ಆಯಿತು. ಹನ್ನೆರಡೂವರೆಗೆ ಸರಿಯಾಗಿ ಎಲೆ ಬಿತ್ತು. ಬದನೆಕಾಯಿ ಎಣ್ಣೆಗಾಯಿಗೆ ಮನಸ್ಸಿಗೆ ಬಂದಷ್ಟು ಖಾರ ಹಾಕಿದೆ, ಮೈಸೂರಿನವರು ಕಣ್ಣೊರೆಸಿಕೊಳ್ಳುತ್ತ ಮತ್ತೆ ಹಾಕಿಸಿಕೊಂಡರು. ಊಟದ ಕೊನೆಗೆ ವಿಜಯೇಂದ್ರ ಮೈಕು ಹಿಡಿದು, ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಕೆಡಿಸುವುದು ಬೇಡ, ದೀಪಾವಳಿಯವರೆಗೂ ಹೀಗೇ ಮುಂದುವರಿಸೋಣವೇ ಎಂದು ಕೇಳಿದ. ಎಲ್ಲರ ಬಾಯಲ್ಲೂ ಹೋಳಿಗೆ ಇತ್ತು.

ಮುಂದಿನ ಶನಿವಾರ ರೊಟ್ಟಿ ಹಿಟ್ಟು ಕಲಸಿಟ್ಟು ಕಾದೆ, ಶರ್ವಾಣಿ ಬರಲಿಲ್ಲ. ಎರಡು ವಾರ ನೋಡಿ ನಾನೇ ಹೋಗಿ ಬಾಗಿಲು ತಟ್ಟಿದೆ. ಹೋಮ್‌ವರ್ಕ್ ಇದೆ ಅಂತ ಅವಳ ಅಮ್ಮ ಹೇಳಿದಳು. ಅಜ್ಜ ಜುಲೈನಲ್ಲಿ ಹೊರಟುಹೋದರು, ಮೊಮ್ಮಗಳ ಭಾಷಣ ಕೇಳಲೇ ಇಲ್ಲ.

ಅಡುಗೆಮನೆ ಈಗಲೂ ನನ್ನದೇ. ಆ ಹುಡುಗಿ ಮತ್ತೆ ನನ್ನ ಮನೆಗೆ ಬಂದಿಲ್ಲ.